ನಿಮ್ಮ ಮಾತು ಕೇಳದೆ ಆದೇಶ ಬಂತೇ? ತಾಲ್ಲೂಕು ಕಚೇರಿಯಿಂದ ಹೈಕೋರ್ಟಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಮಂಡ್ಯದ ವಕೀಲರೊಬ್ಬರ ಆಫೀಸಿನಲ್ಲಿ ನಾನೀಗ ಫೈಲು ಜೋಡಿಸುವ ಕೆಲಸ ಮಾಡುತ್ತೇನೆ. ನಾನು ವಕೀಲನಲ್ಲ. ಇದಕ್ಕೂ ಮೊದಲು ಬಹಳ ವರ್ಷ ಒಂದು ಸರ್ಕಾರಿ ಕಚೇರಿಯಲ್ಲಿ ಕೇಸ್ ವರ್ಕರ್ ಆಗಿದ್ದೆ. ಆಗ ಆದೇಶ ಟೈಪ್ ಮಾಡುತ್ತಿದ್ದೆ. ಈಗ ಅಂಥದ್ದೇ ಆದೇಶಗಳಲ್ಲಿ ತೂತು ಎಲ್ಲಿದೆ ಅಂತ ಹುಡುಕುತ್ತೇನೆ. ಎರಡೂ ಕಡೆ ಕೂತು ನೋಡಿದವನಾಗಿ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ರಿಟ್ ಅರ್ಜಿ, ಅಂದರೆ ಸರ್ಕಾರಿ ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹಾಕುವ ಅರ್ಜಿ, ಗೆಲ್ಲುತ್ತದೋ ಸೋಲುತ್ತದೋ ಅನ್ನುವುದು ಬಹುಪಾಲು ಕೆಳಗಿನ ಕಚೇರಿಯಲ್ಲೇ ತೀರ್ಮಾನವಾಗಿರುತ್ತದೆ. ತಹಶೀಲ್ದಾರರ ಮುಂದೆ, ಎಸಿ ಸಾಹೇಬರ (ಉಪವಿಭಾಗಾಧಿಕಾರಿ) ಮುಂದೆ, ಇಲಾಖಾ ವಿಚಾರಣಾಧಿಕಾರಿಯ ಮುಂದೆ ನೀವು ಕೊಟ್ಟ ಕಾಗದದಲ್ಲಿ. ಅಥವಾ ಕೊಡದೇ ಬಿಟ್ಟ ಕಾಗದದಲ್ಲಿ.

ನಮ್ಮಲ್ಲಿಗೆ ಬರುವವರು ಸಾಮಾನ್ಯವಾಗಿ ಎರಡೇ ಮಾತು ಹೇಳುತ್ತಾರೆ. ಒಂದು, 'ಸ್ವಾಮಿ, ನಮ್ಮ ಮಾತೇ ಕೇಳಲಿಲ್ಲ, ಆರ್ಡರ್ ಮಾಡ್ಬಿಟ್ರು.' ಎರಡು, 'ಆ ಸಾಹೇಬರು ಮೊದಲಿಂದಲೂ ಅವರ ಕಡೆಯೇ.' ಕಾನೂನಿನ ಪುಸ್ತಕದಲ್ಲಿ ಇವೆರಡನ್ನೂ ಸೇರಿಸಿ ಸಹಜ ನ್ಯಾಯ ಅನ್ನುತ್ತಾರೆ. ಯಾರ ವಿರುದ್ಧ ತೀರ್ಮಾನವಾಗುತ್ತದೋ ಅವರ ಮಾತು ಮೊದಲು ಕೇಳಬೇಕು. ತನ್ನ ಸ್ವಂತ ವಿಷಯದಲ್ಲಿ ಯಾರೂ ತಾನೇ ತೀರ್ಪು ಹೇಳಬಾರದು. ಇಷ್ಟೇ.

ಆದರೆ ಹೈಕೋರ್ಟ್ ಏನು ನೋಡುತ್ತದೆ ಅನ್ನುವುದನ್ನು ಬಹಳ ಜನ ತಪ್ಪು ತಿಳಿದಿರುತ್ತಾರೆ. ಸಂವಿಧಾನದ 226ನೇ ವಿಧಿಯಡಿ ರಿಟ್ ಹಾಕಿದಾಗ, ಜಮೀನು ನಿಮ್ಮದೋ ಪಕ್ಕದವರದೋ ಅಂತ ಜಡ್ಜ್ ಹೊಸದಾಗಿ ಲೆಕ್ಕ ಹಾಕುವುದಿಲ್ಲ. ಅಧಿಕಾರಿ ಆ ತೀರ್ಮಾನಕ್ಕೆ ಯಾವ ದಾರಿಯಲ್ಲಿ ಬಂದರು ಅಂತ ನೋಡುತ್ತಾರೆ. ದಾರಿ ತಪ್ಪಿದ್ದರೆ ಆದೇಶ ರದ್ದು. ದಾರಿ ಸರಿ ಇದ್ದು ತೀರ್ಮಾನ ನಿಮಗೆ ಹಿಡಿಸಲಿಲ್ಲ ಅಂದರೆ, ಅದು ಮೇಲ್ಮನವಿಯ ವಿಷಯ.

ಉದ್ದಕ್ಕೂ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮದ್ದೂರು ಕಡೆಯ ಒಬ್ಬ ಹಿರಿಯರು. ನ್ಯಾಯಬೆಲೆ ಅಂಗಡಿ ನಡೆಸುತ್ತಿದ್ದರು. ಹೆಸರು ಬೇಡ, ರೇಷನ್ ಅಂಗಡಿ ಯಜಮಾನರು ಅಂತಲೇ ಕರೆಯೋಣ. ಅವರ ಲೈಸೆನ್ಸ್ ರದ್ದಾಗಿತ್ತು.

ಮೊದಲು: ಇದು ರಿಟ್‌ಗೆ ಹೋಗುವ ವಿಷಯವೇ?

ಆದೇಶ ಮಾಡಿದವರು ಯಾರು ನೋಡಿ. ಸರ್ಕಾರ, ಸರ್ಕಾರಿ ಅಧಿಕಾರಿ, ನಗರಪಾಲಿಕೆ, ಪಂಚಾಯಿತಿ, ವಿಶ್ವವಿದ್ಯಾಲಯ, ಸರ್ಕಾರಿ ನಿಗಮ ಆದರೆ ಸರಿ. ಖಾಸಗಿ ಕಂಪನಿ ಕೆಲಸದಿಂದ ತೆಗೆದರೆ, ಮನೆ ಮಾಲೀಕರು ಖಾಲಿ ಮಾಡಿಸಿದರೆ ಸಾಮಾನ್ಯವಾಗಿ ರಿಟ್ ಬರುವುದಿಲ್ಲ. ಹೌಸಿಂಗ್ ಸೊಸೈಟಿಯ ಒಳಜಗಳಕ್ಕೂ ಬರುವುದು ಕಷ್ಟ. ಅದೇ ಜಗಳದಲ್ಲಿ ಸಹಕಾರ ಸಂಘಗಳ ನಿಬಂಧಕರು ಆದೇಶ ಮಾಡಿದರೆ, ಆ ಆದೇಶವನ್ನು ಪ್ರಶ್ನಿಸಬಹುದು.

ಆಮೇಲೆ, ಆ ಆದೇಶದಿಂದ ನಿಮಗೆ ಏನು ಹೋಯಿತು? ಲೈಸೆನ್ಸ್, ಖಾತೆ, ಪಹಣಿಯ ಹೆಸರು, ನೌಕರಿ, ಪಿಂಚಣಿ, ಕಟ್ಟಡ, ಮಾನ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. 1967ರಲ್ಲಿ ಒರಿಸ್ಸಾದ ಸರ್ಕಾರಿ ವೈದ್ಯೆ ಬೀನಾಪಾಣಿ ದೇಯಿ ಅವರ ಹುಟ್ಟಿದ ದಿನಾಂಕವನ್ನು ಸರ್ಕಾರ ತಾನೇ ತಿದ್ದಿ ನಿವೃತ್ತಿ ಮಾಡಿಸಿದ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂತು. ಬರೀ ಆಡಳಿತದ ಆದೇಶವಾದರೂ ಸರಿ, ಅದರಿಂದ ವ್ಯಕ್ತಿಯ ಹಕ್ಕಿಗೆ ಪೆಟ್ಟು ಬೀಳುವುದಾದರೆ ಮೊದಲು ಅವರ ಮಾತು ಕೇಳಬೇಕು ಎಂದು ಕೋರ್ಟ್ ಹೇಳಿತು. 'ಇದು ಕೋರ್ಟಲ್ಲ, ಆಫೀಸು' ಅನ್ನುವ ನೆಪ ಅಲ್ಲಿಗೆ ಮುಗಿಯಿತು.

ರಾಜ್ಯ ಸರ್ಕಾರಿ ನೌಕರರಿಗೆ ಒಂದು ಎಚ್ಚರಿಕೆ. ನಿಮ್ಮ ಸೇವಾ ವಿಷಯ ನೇರ ಹೈಕೋರ್ಟಿಗೆ ಹೋಗುವುದಿಲ್ಲ. ಮೊದಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ, ಅಂದರೆ ಕೆಎಸ್‌ಎಟಿ. ಅಲ್ಲಿ ಸೋತರೆ ಹೈಕೋರ್ಟ್.

ಲಕೋಟೆ ಬಿಸಾಡಬೇಡಿ

ಆದೇಶ ಕೈಗೆ ಬಂದ ದಿನವೇ ಅದರ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಬರೆಯಿರಿ. ಅಂಚೆಯಲ್ಲಿ ಬಂದಿದ್ದರೆ ಲಕೋಟೆಯನ್ನು ಅದರ ಹಿಂದೆ ಪಿನ್ ಮಾಡಿ. ಲಕೋಟೆ ಮೇಲಿನ ಮುದ್ರೆ ಎಷ್ಟೋ ಸಲ ಆದೇಶಕ್ಕಿಂತ ಜಾಸ್ತಿ ಮಾತಾಡುತ್ತದೆ.

ರೇಷನ್ ಅಂಗಡಿ ಯಜಮಾನರ ವಿಷಯದಲ್ಲಿ ಹಾಗೇ ಆಯಿತು. ಕಾರಣ ಕೇಳುವ ನೋಟಿಸಿನಲ್ಲಿ 'ತಲುಪಿದ 3 ದಿನದೊಳಗೆ ಉತ್ತರಿಸಿ' ಎಂದಿತ್ತು. ರದ್ದತಿ ಆದೇಶ ನೋಟಿಸಿನ ತಾರೀಖಿನಿಂದ ಆರನೇ ದಿನಕ್ಕೆ ಆಗಿತ್ತು. ಲಕೋಟೆ ಮುದ್ರೆ ನೋಡಿದರೆ ನೋಟಿಸನ್ನು ಅಂಚೆಗೆ ಹಾಕಿದ್ದೇ ಐದನೇ ದಿನ. ಅವರ ಸೊಸೆ ಆ ಲಕೋಟೆಯನ್ನು ಹಾಲಿನ ಲೆಕ್ಕ ಬರೆಯೋಕೆ ಇಟ್ಟುಕೊಂಡಿದ್ದರು. ಪುಣ್ಯಕ್ಕೆ ಸಿಕ್ಕಿತು.

ರಿಜಿಸ್ಟರ್ಡ್ ಅಂಚೆಯಲ್ಲಿ ಸರಿಯಾದ ವಿಳಾಸಕ್ಕೆ ಕಳಿಸಿದರೆ ತಲುಪಿದೆ ಎಂದೇ ಕಾನೂನು ಊಹಿಸುತ್ತದೆ. ಆ ಊಹೆಯನ್ನು ಮುರಿಯುವ ಹೊಣೆ ನಿಮ್ಮದು. ವಿಳಾಸ ತಪ್ಪಿದ್ದರೆ, ತೀರಿಹೋದ ತಂದೆಯ ಹೆಸರಿಗೆ ಕಳಿಸಿದ್ದರೆ, ನೀವು ಊರು ಬಿಟ್ಟು ಮೈಸೂರಿಗೆ ಬಂದದ್ದು ಕಚೇರಿಗೆ ಗೊತ್ತಿದ್ದರೆ, ಅದಕ್ಕೆ ದಾಖಲೆ ಹುಡುಕಿ. ಮೃತರ ಹೆಸರಿಗೆ ನೋಟಿಸ್ ಹೋಗುವುದು ಪಹಣಿ ಕೇಸುಗಳಲ್ಲಿ ದಿನನಿತ್ಯದ ಕತೆ. ಪೌತಿ ಖಾತೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ, ಮಾಡಿಸದೆ ಇಪ್ಪತ್ತು ವರ್ಷ ಸುಮ್ನೆ ಇದ್ದವರು ನಾವೇ, ಅದೂ ನಿಜ.

ಇಡೀ ಫೈಲು ತೆಗೆಸಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಜನ ಆದೇಶದ ನಕಲು ಮಾತ್ರ ತಂದು 'ಸ್ಟೇ ಕೊಡಿಸಿ' ಅನ್ನುತ್ತಾರೆ. ಆದೇಶ ಅಂದರೆ ಅಧಿಕಾರಿ ತಾವೇ ಬರೆದುಕೊಂಡ ಕತೆ. ನಿಜವಾಗಿ ಏನು ನಡೆಯಿತು ಅನ್ನುವುದು ಫೈಲಿನ ಒಳಗಿರುತ್ತದೆ.

ಕೇಳಬೇಕಾದದ್ದು ಇವು: ಆರ್ಡರ್ ಶೀಟು (ಪ್ರತಿ ತಾರೀಖಿನಲ್ಲಿ ಏನಾಯಿತು ಅಂತ ಬರೆದಿಡುವ ಹಾಳೆ), ನೋಟಿಸಿನ ಕಚೇರಿ ಪ್ರತಿ, ನೋಟಿಸ್ ಜಾರಿ ವರದಿ, ದೂರಿನ ಪ್ರತಿ, ಸ್ಥಳ ಮಹಜರು, ಹೇಳಿಕೆಗಳು, ತನಿಖಾ ವರದಿ, ಟಿಪ್ಪಣಿ ಹಾಳೆಗಳು. ದೃಢೀಕೃತ ನಕಲಿಗೆ ಅದೇ ಕಚೇರಿಯಲ್ಲಿ ಅರ್ಜಿ ಹಾಕಿ. ಟಿಪ್ಪಣಿ ಹಾಳೆ ಕೊಡಲು ತಕರಾರು ಮಾಡಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಆದರೆ ಮಾಹಿತಿ ಹಕ್ಕಿನ ಉತ್ತರಕ್ಕೆ ಕಾಯುತ್ತಾ ಮೇಲ್ಮನವಿಯ ಗಡುವು ಕಳೆದುಕೊಳ್ಳಬೇಡಿ. ಎರಡೂ ಒಟ್ಟಿಗೆ ನಡೆಯಲಿ.

ಆರ್ಡರ್ ಶೀಟನ್ನು ತಾರೀಖು ತಾರೀಖಾಗಿ ಓದಿ. 'ಪ್ರಕರಣ ಕರೆಯಲಾಯಿತು. ಎದುರುದಾರರು ಗೈರು' ಅಂತ ಬರೆದಿರುತ್ತಾರೆ. ಆ ದಿನ ನೀವು ಕಚೇರಿಯ ಜಗುಲಿ ಮೇಲೆ ಸಂಜೆವರೆಗೂ ಕೂತಿದ್ದಿರಬಹುದು. ಸಾಹೇಬರು ಮೀಟಿಂಗಿಗೆ ಹೋಗಿದ್ದರು, 'ಮುಂದಿನ ತಾರೀಖು ತಿಳಿಸ್ತೀವಿ' ಅಂದಿರಬಹುದು. ಆಮೇಲೆ ಯಾರೋ ಕೂತು ಗೈರು ಅಂತ ಬರೆಯುತ್ತಾರೆ. ಯಾರೋ ಅಂದೆನಲ್ಲ, ನಾನೂ ಬರೆದಿದ್ದೇನೆ. ಒಂದು ಸಲ ಹಳೇ ಆದೇಶದ ಮೇಲೆಯೇ ಹೊಸದನ್ನು ಟೈಪ್ ಮಾಡಿ, ಹಿಂದಿನ ಕೇಸಿನ ಸರ್ವೆ ನಂಬರು ಒಂದು ಪ್ಯಾರಾದಲ್ಲಿ ಹಾಗೇ ಉಳಿದಿತ್ತು. ಸಹಿಯೂ ಆಯಿತು. ಅದನ್ನು ಹಿಡಿದವರು ಎದುರು ಪಾರ್ಟಿಯ ವಕೀಲರು. ಮನಸ್ಸಿಟ್ಟು ಓದದೆ ಸಹಿ ಹಾಕಿದ್ದಾರೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ?

ಜಾರಿ ವರದಿಯನ್ನು ಅಷ್ಟೇ ಹುಷಾರಾಗಿ ನೋಡಿ. 'ಮನೆಗೆ ಬೀಗ ಹಾಕಿದ್ದರಿಂದ ಬಾಗಿಲಿಗೆ ಅಂಟಿಸಲಾಗಿದೆ' ಎಂದಿದ್ದರೆ, ಪಂಚರ ಸಹಿ ಇದೆಯೇ, ಅವರು ನಿಮ್ಮ ಊರಿನವರೇ, ತಾರೀಖು ಎಷ್ಟು, ಫೋಟೋ ಇದೆಯೇ, ಎಲ್ಲ ನೋಡಿ.

ನೋಟಿಸ್ ನಿಜವಾದ ನೋಟಿಸೇ?

ನೋಟಿಸ್ ಅನ್ನುವ ತಲೆಬರಹ ಇದ್ದ ಮಾತ್ರಕ್ಕೆ ಅದು ನೋಟಿಸ್ ಆಗುವುದಿಲ್ಲ. ಆರೋಪ ಏನು, ಯಾವ ಆಧಾರದ ಮೇಲೆ, ಏನು ಕ್ರಮ ಕೈಗೊಳ್ಳುವ ಯೋಚನೆಯಿದೆ, ಈ ಮೂರೂ ಅದರಲ್ಲಿ ಗೊತ್ತಾಗಬೇಕು. ಗುತ್ತಿಗೆದಾರರನ್ನು ಕಪ್ಪುಪಟ್ಟಿಗೆ ಸೇರಿಸುವ ಯೋಚನೆಯಿದ್ದರೆ ಅದು ನೋಟಿಸಿನಲ್ಲೇ ಕಾಣಬೇಕು ಎಂದು ಸುಪ್ರೀಂ ಕೋರ್ಟ್ 2014ರ ಗೂರ್ಖಾ ಸೆಕ್ಯುರಿಟಿ ಸರ್ವೀಸಸ್ ಪ್ರಕರಣದಲ್ಲಿ ಹೇಳಿದೆ. ಇನ್ನೊಂದು ಬಗೆಯ ನೋಟಿಸ್ ಇದೆ. 'ನೀವು ತಪ್ಪು ಮಾಡಿರುವುದು ಸಾಬೀತಾಗಿದೆ, ಲೈಸೆನ್ಸ್ ಏಕೆ ರದ್ದು ಮಾಡಬಾರದು ತಿಳಿಸಿ.' ಸಾಬೀತಾಗಿದೆ ಅಂದಮೇಲೆ ಇನ್ನೇನು ಕೇಳುವುದು? ತೀರ್ಮಾನ ಮೊದಲೇ ಮಾಡಿಕೊಂಡು ಕೊಟ್ಟ ನೋಟಿಸು ಬರೀ ಶಾಸ್ತ್ರಕ್ಕೆ. 2010ರ ಓರಿಕ್ಸ್ ಫಿಶರೀಸ್ ತೀರ್ಪು ಇಂಥದ್ದರ ಬಗ್ಗೆಯೇ ಇದೆ.

ನೋಟಿಸಿನ ಆರೋಪಕ್ಕೂ ಆದೇಶದ ಕಾರಣಕ್ಕೂ ಹೊಂದಿಕೆ ಇದೆಯೇ ನೋಡಿ. ನಮ್ಮ ಯಜಮಾನರ ನೋಟಿಸಿನಲ್ಲಿ ಇದ್ದದ್ದು ತೂಕದಲ್ಲಿ ಮೋಸ. ಆದೇಶದಲ್ಲಿ ಇದ್ದದ್ದು ದಾಸ್ತಾನಿನಲ್ಲಿ ವ್ಯತ್ಯಾಸ. ಒಂದಕ್ಕೆ ಉತ್ತರ ಕೇಳಿ ಇನ್ನೊಂದಕ್ಕೆ ಶಿಕ್ಷೆ ಕೊಟ್ಟ ಹಾಗೆ.

ಕೇಳುವುದು ಅಂದರೆ ಎಷ್ಟು ಕೇಳುವುದು?

ಎಲ್ಲ ಕಡೆ ಬಾಯಿಮಾತಿನ ವಿಚಾರಣೆ, ಪಾಟಿ ಸವಾಲು (ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವುದು), ವಕೀಲರು ಸಿಗುತ್ತಾರೆ ಅಂತ ನಂಬಬೇಡಿ. ಎಷ್ಟೋ ವಿಷಯದಲ್ಲಿ ಲಿಖಿತ ಉತ್ತರ ತೆಗೆದುಕೊಂಡು ಓದಿದರೆ ಸಾಕು. ಸಂಗತಿಗಳನ್ನು ನೀವೇ ಒಪ್ಪಿಕೊಂಡಿದ್ದರೆ ಪಾಟಿ ಸವಾಲು ಕೇಳಿ ಪ್ರಯೋಜನವಿಲ್ಲ. ಯಾರದೋ ಹೇಳಿಕೆಯನ್ನೇ ನಂಬಿ ನಿಮ್ಮ ಮೇಲೆ ಕ್ರಮ ಆಗುತ್ತಿದ್ದರೆ, ಆಗ ಕೇಳಿ, ಬರವಣಿಗೆಯಲ್ಲೇ ಕೇಳಿ.

ಬಿಟ್ಟುಕೊಡಬಾರದ ಒಂದು ವಿಷಯ ಇದೆ: ನಿಮ್ಮ ವಿರುದ್ಧ ಬಳಸಿದ ಕಾಗದ. ನಿಮಗೆ ತೋರಿಸದ ವರದಿಯನ್ನು ಆಧಾರ ಮಾಡಿಕೊಂಡು ಆದೇಶ ಮಾಡುವ ಹಾಗಿಲ್ಲ. ನೌಕರರ ಶಿಸ್ತು ಕ್ರಮದಲ್ಲಿ ವಿಚಾರಣಾ ವರದಿಯ ಪ್ರತಿ ಕೊಡಲೇಬೇಕು ಎಂದು 1993ರ ಇಸಿಐಎಲ್ ಮತ್ತು ಕರುಣಾಕರ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಆದೇಶದ 'ಪೀಠಿಕೆ'ಯಲ್ಲಿ 'ಓದಲಾಗಿದೆ' ಅಂತ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಯ ಪಕ್ಕ ಟಿಕ್ ಹಾಕುತ್ತಾ ಹೋಗಿ. ಇದು ನನಗೆ ಬಂದಿದೆ, ಇದು ಬಂದಿಲ್ಲ. ಬಾರದೇ ಇರುವುದೇ ನಿಮ್ಮ ಕೇಸು.

ತುರ್ತು ಇದ್ದಾಗ ಮೊದಲು ಕ್ರಮ, ಆಮೇಲೆ ವಿಚಾರಣೆ ಅನ್ನುವುದೂ ಉಂಟು. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಪಾಸ್‌ಪೋರ್ಟ್ ವಶಪಡಿಸಿಕೊಂಡ ಮೇಲಾದರೂ ತಡಮಾಡದೆ ವಿಚಾರಣೆ ಕೊಡಬೇಕು ಎಂಬ ಮಾತು ಬಂತು. ಬೀಳುವ ಹಾಗಿರುವ ಗೋಡೆಯನ್ನು ಕೆಡವೋಕೆ ವಾರಗಟ್ಟಲೆ ನೋಟಿಸ್ ಕೊಡಲಾಗುವುದಿಲ್ಲ, ಒಪ್ಪೋಣ. ಆದರೆ ಆರು ತಿಂಗಳಿಂದ ಮೇಜಿನ ಮೇಲಿದ್ದ ಫೈಲಿಗೆ ಇದ್ದಕ್ಕಿದ್ದಂತೆ ತುರ್ತು ಬಂದರೆ ಅದನ್ನು ಪ್ರಶ್ನಿಸಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಏನು ಫಲ?

ಕೇಳಿದವರು ಒಬ್ಬರು, ಬರೆದವರು ಇನ್ನೊಬ್ಬರು

ನಮ್ಮ ಕಡೆ ಇದು ತುಂಬಾ ಆಗುತ್ತದೆ. ಒಬ್ಬ ಅಧಿಕಾರಿ ಎಲ್ಲ ತಾರೀಖಿನಲ್ಲೂ ವಾದ ಕೇಳಿ 'ಆದೇಶಕ್ಕೆ ಕಾಯ್ದಿರಿಸಿದೆ' ಅನ್ನುತ್ತಾರೆ. ಅಷ್ಟರಲ್ಲಿ ವರ್ಗಾವಣೆ. ಹೊಸಬರು ಬಂದು ಯಾರನ್ನೂ ಕರೆಯದೆ ಫೈಲು ನೋಡಿ ಸಹಿ ಹಾಕುತ್ತಾರೆ. 1958ರಲ್ಲಿ ಗುಲ್ಲಪಲ್ಲಿ ನಾಗೇಶ್ವರ ರಾವ್ ಪ್ರಕರಣದ ತೀರ್ಪು ಬಂದದ್ದು ಇಂಥದ್ದರಿಂದಲೇ. ಆಂಧ್ರದಲ್ಲಿ ಖಾಸಗಿ ಬಸ್ ಮಾರ್ಗಗಳನ್ನು ಸರ್ಕಾರ ವಹಿಸಿಕೊಳ್ಳುವಾಗ ಆಕ್ಷೇಪಣೆ ಕೇಳಿದ್ದು ಕಾರ್ಯದರ್ಶಿ, ತೀರ್ಮಾನ ಮಾಡಿದ್ದು ಮುಖ್ಯಮಂತ್ರಿ. ಒಬ್ಬರು ಕೇಳಿ ಇನ್ನೊಬ್ಬರು ತೀರ್ಮಾನಿಸಿದರೆ ವಿಚಾರಣೆ ಅನ್ನುವುದು ಬರೀ ಶಾಸ್ತ್ರ ಆಗಿಬಿಡುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಹಾಗಾಗಿ ವರ್ಗಾವಣೆ ಸುದ್ದಿ ಕಿವಿಗೆ ಬಿದ್ದ ತಕ್ಷಣ ಹೊಸ ಅಧಿಕಾರಿಗೆ ಒಂದು ಮನವಿ ಕೊಡಿ. 'ಹಿಂದಿನ ಅಧಿಕಾರಿಯವರ ಮುಂದೆ ವಾದ ಆಗಿದೆ, ತಾವು ನಮ್ಮ ವಾದ ಹೊಸದಾಗಿ ಕೇಳಬೇಕು.' ಒಂದೇ ಸಾಲು ಸಾಕು. ಆದರೆ ಕಚೇರಿಯ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸೀಲಿಲ್ಲದ ಮನವಿ ಹೈಕೋರ್ಟಿನಲ್ಲಿ ಬರೀ ಕಾಗದ.

ಕಾರಣ ಬರೆಯದ ಆದೇಶವೂ ಇದೇ ಜಾತಿಗೆ ಸೇರಿದ್ದು. 'ಉತ್ತರ ಪರಿಶೀಲಿಸಲಾಗಿದೆ, ಸಮಂಜಸವಾಗಿರುವುದಿಲ್ಲ.' ಏಕೆ ಸಮಂಜಸವಲ್ಲ? ಗೊತ್ತಿಲ್ಲ. ಆಮೇಲೆ ಹೈಕೋರ್ಟಿನಲ್ಲಿ ಸರ್ಕಾರದ ಕಡೆಯಿಂದ ಚೆನ್ನಾಗಿ ಕಾರಣ ಬರೆದ ಅಫಿಡವಿಟ್ ಬರುತ್ತದೆ. ಆದೇಶದ ಬಲವನ್ನು ಆದೇಶದಲ್ಲೇ ಬರೆದ ಕಾರಣಗಳಿಂದ ಅಳೆಯಬೇಕು, ಆಮೇಲೆ ಅಫಿಡವಿಟ್ಟಿನಲ್ಲಿ ಸೇರಿಸುವ ಹಾಗಿಲ್ಲ ಎಂದು 1977ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಹೇಳುತ್ತದೆ.

ಪಕ್ಷಪಾತ: ಸಿಟ್ಟು ಬೇರೆ, ಸಾಕ್ಷಿ ಬೇರೆ

ಈ ಭಾಗದಲ್ಲಿ ಜನ ಜಾಸ್ತಿ ಎಡವುತ್ತಾರೆ. 'ದುಡ್ಡು ತಿಂದಿದ್ದಾನೆ' ಅಂತ ಅರ್ಜಿಯಲ್ಲಿ ಬರೆಸಬೇಕು ಅನ್ನುತ್ತಾರೆ. ಬೇಡ. ಅದು ದುರುದ್ದೇಶದ ಆರೋಪ. ಅದನ್ನು ಸಾಬೀತು ಮಾಡುವ ಹೊರೆ ದೊಡ್ಡದು. ಆ ಅಧಿಕಾರಿಯನ್ನು ಹೆಸರು ಹಿಡಿದು ಕೇಸಿನಲ್ಲಿ ಎದುರು ಪಾರ್ಟಿ ಮಾಡಬೇಕಾಗುತ್ತದೆ. ಪಕ್ಷಪಾತಕ್ಕೆ ಅಷ್ಟು ಬೇಕಿಲ್ಲ. ಅವರ ಮನಸ್ಸಿನಲ್ಲಿ ನಿಜಕ್ಕೂ ಏನಿತ್ತು ಅಂತ ಅಗೆದು ತೋರಿಸುವ ಅಗತ್ಯವೂ ಇಲ್ಲ. ನಿಮ್ಮ ಜಾಗದಲ್ಲಿ ನಿಂತ ಸಾಮಾನ್ಯ ಮನುಷ್ಯನಿಗೆ ಇಲ್ಲಿ ಪಕ್ಷಪಾತ ಆಗುವ ಸಾಧ್ಯತೆ ನ್ಯಾಯವಾಗಿಯೇ ಕಾಣುತ್ತದೆಯೇ ಅನ್ನುವುದು ಪ್ರಶ್ನೆ. 1987ರ ರಂಜಿತ್ ಠಾಕೂರ್ ಪ್ರಕರಣದಲ್ಲಿ, ಒಬ್ಬ ಸೈನಿಕ ಯಾವ ಮೇಲಧಿಕಾರಿಯ ಮೇಲೆ ದೂರು ಕೊಟ್ಟಿದ್ದನೋ ಆ ಅಧಿಕಾರಿಯೇ ಅವನ ಸೇನಾ ವಿಚಾರಣೆಯಲ್ಲಿ ಕೂತಿದ್ದರು. ನಾನು ಪಕ್ಷಪಾತಿಯೇ ಅಂತ ತೀರ್ಪುಗಾರ ತನ್ನ ಮನಸ್ಸನ್ನು ಕೇಳಿಕೊಂಡರೆ ಸಾಲದು, ಎದುರಿಗೆ ನಿಂತವನ ಮನಸ್ಸಿಗೆ ಹೇಗೆ ಕಾಣುತ್ತದೆ ನೋಡಬೇಕು ಎಂಬರ್ಥದ ಮಾತನ್ನು ಕೋರ್ಟ್ ಆಗ ಹೇಳಿತು.

ಹಣದ ಹಿತಾಸಕ್ತಿ ಇದ್ದರೆ ಚರ್ಚೆಯೇ ಇಲ್ಲ. ಎಷ್ಟೇ ಸಣ್ಣದಾಗಿದ್ದರೂ ಅವರು ಕೂರಬಾರದು. ಇಂಗ್ಲೆಂಡಿನಲ್ಲಿ 1852ರಷ್ಟು ಹಿಂದೆಯೇ, ಕಾಲುವೆ ಕಂಪನಿಯ ಷೇರು ಇಟ್ಟುಕೊಂಡಿದ್ದ ಲಾರ್ಡ್ ಚಾನ್ಸಲರ್ ಕೊಟ್ಟ ತೀರ್ಪನ್ನು ಆ ಒಂದೇ ಕಾರಣಕ್ಕೆ ರದ್ದು ಮಾಡಿದರು. ನಾಲೆ ನೀರು ಕುಡಿದು ಬೆಳೆದ ನಮಗೆ ಈ ಕತೆ ಬೇಗ ಅರ್ಥವಾಗುತ್ತದೆ. ವಿ.ಸಿ. ನಾಲೆಯ ಕೊನೆಭಾಗದ ಗದ್ದೆಯವನಿಗೆ ನೀರಿನ ಸರದಿಯನ್ನು ಮೇಲ್ಭಾಗದ ಗದ್ದೆಯವನೇ ಗೊತ್ತುಮಾಡಿದರೆ ಹೇಗಿರುತ್ತದೆ, ಅಲ್ವಾ?

ಉಳಿದ ಬಗೆಗಳಿಗೆ ಸಂಗತಿ ಬೇಕು. ಅಧಿಕಾರಿ ಎದುರು ಪಾರ್ಟಿಯ ಹತ್ತಿರದ ನೆಂಟರೇ? ಅವರೇ ದೂರು ಕೊಟ್ಟವರೇ? ಅವರೇ ಸಾಕ್ಷಿಯೇ? ಉತ್ತರ ಪ್ರದೇಶದ ಮೊಹಮ್ಮದ್ ನೂಹ್ ಪ್ರಕರಣ ಕೇಳಿದರೆ ನಗು ಬರುತ್ತದೆ. ಒಬ್ಬ ಪೊಲೀಸ್ ನೌಕರನ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಯೇ ನಡುವೆ ಎದ್ದು ಇನ್ನೊಬ್ಬರ ಮುಂದೆ ಸಾಕ್ಷಿ ಹೇಳಿ, ಮತ್ತೆ ಬಂದು ಕುರ್ಚಿಯಲ್ಲಿ ಕೂತು ಶಿಕ್ಷೆ ಕೊಟ್ಟರು. 1957ರ ತೀರ್ಪು ಅದು. 1969ರ ಕ್ರೈಪಾಕ್ ಪ್ರಕರಣ ಇದಕ್ಕಿಂತ ನಾಜೂಕು. ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಆಯ್ಕೆ ಮಾಡುವ ಮಂಡಳಿಯಲ್ಲಿದ್ದ ಒಬ್ಬರು ತಾವೂ ಅಭ್ಯರ್ಥಿಯಾಗಿದ್ದರು. ತಮ್ಮ ಹೆಸರು ಬಂದಾಗ ಹೊರಗೆ ಹೋದರು, ನಿಜ. ಆದರೆ ಪೈಪೋಟಿಯಲ್ಲಿದ್ದವರ ಹೆಸರು ಬಂದಾಗ ಒಳಗೇ ಇದ್ದರು. ಐವರು ನ್ಯಾಯಮೂರ್ತಿಗಳ ಪೀಠ ಆಯ್ಕೆಯನ್ನು ರದ್ದು ಮಾಡಿತು. 1984ರ ಜೆ. ಮೊಹಾಪಾತ್ರ ಪ್ರಕರಣವೂ ಇದೇ ಧಾಟಿಯದು. ಒರಿಸ್ಸಾದಲ್ಲಿ ಶಾಲಾ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಸಮಿತಿಯಲ್ಲಿ ಆ ಪುಸ್ತಕಗಳ ಲೇಖಕರೇ ಕೂತಿದ್ದರು.

ಯಾವುದು ಸಾಲುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಒಂದೇ ಜಾತಿ, ಒಂದೇ ಊರು ಅನ್ನುವುದು ಸಾಲದು. ಹಿಂದೆ ನಿಮ್ಮ ವಿರುದ್ಧ ಒಂದು ಆದೇಶ ಮಾಡಿದ್ದರು ಅನ್ನುವುದು ಸಾಲದು. ಗಟ್ಟಿಯಾಗಿ ಮಾತಾಡಿದರು ಅನ್ನುವುದೂ ಸಾಲದು. ಒಂದೇ ಇಲಾಖೆಯವರು ಆರೋಪ ಮಾಡಿ ಅದೇ ಇಲಾಖೆಯವರು ವಿಚಾರಣೆ ಮಾಡಿದರು ಅನ್ನುವುದಕ್ಕೂ ಕೋರ್ಟ್ ಬೇಗ ಮಣಿಯುವುದಿಲ್ಲ. ಕಾನೂನು ಬೇರೆ ಯಾರಿಗೂ ಆ ಅಧಿಕಾರ ಕೊಟ್ಟಿಲ್ಲದಿದ್ದರೆ, ಅನಿವಾರ್ಯ ಅಂತ ಅವರೇ ಕೂರಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಆಕ್ಷೇಪಣೆಯನ್ನು ಗೊತ್ತಾದ ದಿನವೇ ಎತ್ತಬೇಕು. 1957ರ ಮಾಣಕ್ ಲಾಲ್ ಪ್ರಕರಣದಲ್ಲಿ ವಿಚಾರಣಾ ಸಮಿತಿಯ ಅಧ್ಯಕ್ಷರು ಹಿಂದೊಮ್ಮೆ ದೂರುದಾರರ ಪರ ವಕೀಲರಾಗಿದ್ದರು. ಅವರು ಕೂರಬಾರದಿತ್ತು ಎಂದು ಕೋರ್ಟ್ ಒಪ್ಪಿತು. ಆದರೂ ಅರ್ಜಿದಾರರು ಸೋತರು. ಗೊತ್ತಿದ್ದೂ ಸುಮ್ಮನಿದ್ದು, ತೀರ್ಮಾನ ತಮ್ಮ ವಿರುದ್ಧ ಬಂದ ಮೇಲೆ ಬಾಯಿ ಬಿಟ್ಟರು ಅನ್ನುವುದೇ ಕಾರಣ.

ಕಚೇರಿಯಲ್ಲಿ ಇದನ್ನು ಹೇಳೋಕೆ ಎಲ್ಲರಿಗೂ ಭಯ. ಸಾಹೇಬರು ಸಿಟ್ಟಾದರೆ? ಹೀಗೆ ಬರೆದರೆ ಯಾರಿಗೂ ಅವಮಾನ ಆಗುವುದಿಲ್ಲ:

'ಮಾನ್ಯರೇ, ಈ ಪ್ರಕರಣದಲ್ಲಿ ಸ್ಥಳ ತನಿಖೆ ಮಾಡಿ ವರದಿ ಕೊಟ್ಟವರು ತಾವೇ ಆಗಿರುತ್ತೀರಿ. ಆ ವರದಿಯೇ ನನ್ನ ಮೇಲಿನ ಆರೋಪಕ್ಕೆ ಆಧಾರವಾಗಿದೆ. ಆದ್ದರಿಂದ ವಿಚಾರಣೆಯನ್ನು ಬೇರೆ ಅಧಿಕಾರಿಗೆ ವಹಿಸಬೇಕೆಂದು ಕೋರುತ್ತೇನೆ. ತಾವೇ ಮುಂದುವರಿಸುವುದಾದರೆ, ಈ ಆಕ್ಷೇಪಣೆಯನ್ನು ಉಳಿಸಿಕೊಂಡು ವಿಚಾರಣೆಯಲ್ಲಿ ಭಾಗವಹಿಸುತ್ತೇನೆ.'

ಕೊನೆಯ ಸಾಲು ಬಿಡಬೇಡಿ. ವಿಚಾರಣೆಗೆ ಬೆನ್ನು ಹಾಕಿ ಹೋದರೆ ಗೈರು ಆಗುತ್ತೀರಿ. ಸುಮ್ಮನೆ ಕೂತರೆ ಒಪ್ಪಿದಂತಾಗುತ್ತದೆ. ಆ ಸಾಲು ಎರಡನ್ನೂ ತಪ್ಪಿಸುತ್ತದೆ.

ಕೇಳಿದ್ದರೆ ಏನು ಹೇಳುತ್ತಿದ್ದಿರಿ?

ಒಂದು ಬಿಳಿ ಹಾಳೆ ತೆಗೆದುಕೊಂಡು ಈ ಪ್ರಶ್ನೆಗೆ ಉತ್ತರ ಬರೆಯಿರಿ. ವಕೀಲರ ಹತ್ತಿರ ಹೋಗುವ ಮೊದಲೇ ಬರೆಯಿರಿ.

ಹಿಂದೆ ನೋಟಿಸ್ ಕೊಡಲಿಲ್ಲ ಅಂದರೆ ಸಾಕಿತ್ತು. ಈಗ ಕೋರ್ಟುಗಳು ಅದರಿಂದ ನಿಮಗೆ ನಿಜವಾಗಿ ಏನು ತೊಂದರೆ ಆಯಿತು ಅಂತಲೂ ಕೇಳುತ್ತವೆ. 1996ರ ಸ್ಟೇಟ್ ಬ್ಯಾಂಕ್ ಆಫ್ ಪಟಿಯಾಲಾ ಮತ್ತು ಎಸ್.ಕೆ. ಶರ್ಮಾ, 2020ರ ಸುಧೀರ್ ಕುಮಾರ್ ಸಿಂಗ್ ತೀರ್ಪುಗಳಲ್ಲಿ ಈ ಮಾತು ಗಟ್ಟಿಯಾಗಿ ಬಂದಿದೆ. ಎಲ್ಲ ಸಂಗತಿಗಳನ್ನೂ ನೀವೇ ಒಪ್ಪಿಕೊಂಡಿದ್ದು, ವಿಚಾರಣೆ ಕೊಟ್ಟಿದ್ದರೂ ಬೇರೆ ಫಲಿತಾಂಶ ಸಾಧ್ಯವೇ ಇರಲಿಲ್ಲ ಅನ್ನುವಂತಿದ್ದರೆ ಆದೇಶ ಉಳಿದುಬಿಡಬಹುದು. ನನಗೆ ಈ ಬೆಳವಣಿಗೆ ಅಷ್ಟು ಹಿಡಿಸುವುದಿಲ್ಲ. ಕೇಳದೇ ಇದ್ದಾಗ ಕೇಳಿದ್ದರೆ ಏನಾಗುತ್ತಿತ್ತು ಅಂತ ಯಾರು ಹೇಳಬಲ್ಲರು? ಆದರೆ ನನ್ನ ಇಷ್ಟಕ್ಕೆ ಕೋರ್ಟ್ ನಡೆಯುವುದಿಲ್ಲ. ಹಾಳೆ ಬರೆಯಿರಿ.

ನಮ್ಮ ಯಜಮಾನರು ಬರೆದದ್ದು ಹೀಗಿತ್ತು. ಇನ್‌ಸ್ಪೆಕ್ಟರ್ ಬಂದ ದಿನ ಬೆರಳಚ್ಚು ಮಷಿನ್ನಿನ ಸರ್ವರ್ ಕೈಕೊಟ್ಟಿತ್ತು. ಹಿಂದಿನ ಎರಡು ದಿನ ಕಾರ್ಡುದಾರರ ಸಹಿ ಪಡೆದು ಅಕ್ಕಿ ಕೊಟ್ಟಿದ್ದರು, ಮಷಿನ್ನಿಗೆ ಹತ್ತಿಸಿರಲಿಲ್ಲ. ವ್ಯತ್ಯಾಸ ಬಂದದ್ದು ಅದಕ್ಕೆ. ಸಹಿ ಪುಸ್ತಕ ಅವರ ಬಳಿಯೇ ಇತ್ತು, ಯಾರೂ ಕೇಳಲಿಲ್ಲ. ಆ ಒಂದು ಹಾಳೆ ಅರ್ಜಿಯ ಬೆನ್ನೆಲುಬಾಯಿತು.

ಮೇಲ್ಮನವಿಯೋ, ರಿಟ್ಟೋ?

ಮೇಲ್ಮನವಿಗೆ ಅವಕಾಶ ಇದ್ದರೆ ಮೊದಲು ಅಲ್ಲಿಗೆ ಹೋಗಿ ಅನ್ನುವುದು ಹೈಕೋರ್ಟಿನ ರೂಢಿ. ಸಹಜ ನ್ಯಾಯ ಮುರಿದಿದ್ದರೆ ಆ ರೂಢಿಗೆ ವಿನಾಯಿತಿ ಇದೆ ಎಂದು 1998ರ ವರ್ಲ್‌ಪೂಲ್ ತೀರ್ಪು ಹೇಳಿದೆ. ವಿನಾಯಿತಿ ಕೊಡಬಹುದು ಅಷ್ಟೇ, ಕೊಡಲೇಬೇಕು ಅಂತಿಲ್ಲ. ಪಹಣಿ ವಿಷಯವಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆಯ 136ನೇ ಕಲಂನಲ್ಲಿ ಎಸಿ ಅವರಿಗೆ ಮೇಲ್ಮನವಿ ಇದೆ, 60 ದಿನ. ಅದರ ಮೇಲೆ ಡಿಸಿ ಅವರಿಗೆ ರಿವಿಜನ್ (ಮರುಪರಿಶೀಲನೆಯ ಅರ್ಜಿ). ಪಾಂಡವಪುರದಲ್ಲೋ ಹುಣಸೂರಿನಲ್ಲೋ ಮುಗಿಯುವ ಕೆಲಸಕ್ಕೆ ಬೆಂಗಳೂರಿಗೆ ಓಡುವುದು ಯಾಕೆ ಅನ್ನುವುದು ನನ್ನ ಅಭಿಪ್ರಾಯ. ನೋಟಿಸೇ ಇಲ್ಲದೆ ಆದ ಆದೇಶ, ಕಣ್ಣಿಗೆ ಕಾಣುವ ಪಕ್ಷಪಾತ, ನಾಳೆಯೇ ಜೆಸಿಬಿ ಬರುತ್ತದೆ ಅನ್ನುವ ಸ್ಥಿತಿ, ಇವಕ್ಕೆ ಮಾತ್ರ ನೇರ ರಿಟ್.

ರಿಟ್‌ಗೆ ಇಷ್ಟೇ ದಿನ ಅಂತ ಗಡುವಿಲ್ಲ. ಹಾಗಂತ ಕಬ್ಬು ಕಟಾವು ಮುಗಿಯಲಿ, ಮಗಳ ಮದುವೆ ಆಗಲಿ ಅಂತ ವರ್ಷ ಕಳೆದರೆ ತಡವಾಯಿತು ಎಂಬ ಕಾರಣಕ್ಕೇ ವಜಾ ಆಗಬಹುದು.

ಅರ್ಜಿ

ಮೈಸೂರು, ಮಂಡ್ಯ ಎರಡೂ ಹೈಕೋರ್ಟಿನ ಬೆಂಗಳೂರು ಪ್ರಧಾನ ಪೀಠಕ್ಕೆ ಸೇರುತ್ತವೆ. ಅರ್ಜಿ ಬರೆಯುವುದು ವಕೀಲರ ಕೆಲಸ, ಅದರೊಳಗೆ ನಾನು ಕೈ ಹಾಕುವುದಿಲ್ಲ. ನೀವು ಕೊಡಬೇಕಾದದ್ದು ತಾರೀಖುಗಳ ಪಟ್ಟಿ, ದಾಖಲೆಗಳು, ಮತ್ತು ಆ ಒಂದು ಹಾಳೆ. ಹೈಕೋರ್ಟಿನ ಭಾಷೆ ಇಂಗ್ಲಿಷ್ ಆದ್ದರಿಂದ ಕನ್ನಡ ದಾಖಲೆಗಳು ಅನುವಾದವಾಗುತ್ತವೆ. ಅನುವಾದವನ್ನು ಮನೆಯಲ್ಲಿ ಓದು ಬಲ್ಲ ಮಕ್ಕಳಿಂದ ಓದಿಸಿ ಕೇಳಿಸಿಕೊಳ್ಳಿ. 'ನೋಟಿಸ್ ಕಳುಹಿಸಲಾಗಿದೆ' ಅನ್ನುವುದು 'ತಲುಪಿದೆ' ಅಂತ ಆಗಿದ್ದನ್ನು ನಾನು ಕಂಡಿದ್ದೇನೆ. ಇಡೀ ಕೇಸು ನಿಂತಿದ್ದದ್ದೇ ಆ ಒಂದು ಪದದ ಮೇಲೆ. ಅಫಿಡವಿಟ್ಟಿಗೆ ಸಹಿ ನಿಮ್ಮದು, ನೆನಪಿರಲಿ. ನಿಮಗೆ ತೊಂದರೆಯಾಗುವ ಕಾಗದವನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟದ್ದು ಗೊತ್ತಾದರೆ ಕೋರ್ಟ್ ಬೇರೇನನ್ನೂ ನೋಡದೆ ಅರ್ಜಿ ವಜಾ ಮಾಡಬಹುದು.

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಹಕ್ಕಿದೆ.

ಏನು ಕೇಳಬೇಕು ಅನ್ನುವುದನ್ನು ವಕೀಲರ ಜೊತೆ ಕೂತು ಮಾತಾಡಿ. ಆದೇಶ ರದ್ದಾಗಬೇಕು ಅನ್ನುವುದಂತೂ ಸರಿ. ಅದರ ಜೊತೆಗೆ ವಿಚಾರಣೆ ಬೇರೆ ಅಧಿಕಾರಿಯ ಮುಂದೆ ನಡೆಯಲಿ, ಇಂತಿಷ್ಟು ವಾರದಲ್ಲಿ ಮುಗಿಯಲಿ, ಅಲ್ಲಿಯವರೆಗೆ ಈಗಿರುವ ಸ್ಥಿತಿ ಹಾಗೇ ಇರಲಿ ಅಂತಲೂ ಕೇಳಿಸಿ. ಯಾಕೆಂದರೆ ಗೆದ್ದರೂ ಸಿಗುವುದು ಸಾಮಾನ್ಯವಾಗಿ ಇಷ್ಟೇ: ಆದೇಶ ರದ್ದು, ಹೊಸದಾಗಿ ವಿಚಾರಣೆ ಮಾಡಿ ಅಂತ ಅದೇ ಕಚೇರಿಗೆ ವಾಪಸ್. ಇದನ್ನು ಮೊದಲೇ ಹೇಳದ ವಕೀಲರ ಮೇಲೆ ಪಾರ್ಟಿಗಳು ಆಮೇಲೆ ಮುನಿಸಿಕೊಳ್ಳುತ್ತಾರೆ. ಏಕಸದಸ್ಯ ಪೀಠದಲ್ಲಿ ಸೋತರೆ ಇಬ್ಬರು ಜಡ್ಜ್‌ಗಳ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿಯ ದಾರಿ ಇದೆ.

ವಾಪಸ್ ಬಂದ ಮೇಲೆ

ಹೈಕೋರ್ಟಿನ ಆದೇಶದ ದೃಢೀಕೃತ ಪ್ರತಿಯನ್ನು ನೀವೇ ತೆಗೆದುಕೊಂಡು ಹೋಗಿ ಕಚೇರಿಗೆ ಕೊಡಿ. ಬೆಂಗಳೂರಿನಿಂದ ಅದಾಗಿ ಬರುತ್ತದೆ ಅಂತ ಕಾಯಬೇಡಿ. ಜೊತೆಗೆ ಒಂದು ಮನವಿ ಇರಲಿ: ವಿಚಾರಣೆಯ ತಾರೀಖು ಬರವಣಿಗೆಯಲ್ಲಿ ತಿಳಿಸಿ, ನನ್ನ ವಿರುದ್ಧ ಬಳಸುವ ವರದಿಗಳ ಪ್ರತಿ ಕೊಡಿ. ಪ್ರತಿ ತಾರೀಖಿನಂದು ಆರ್ಡರ್ ಶೀಟಿನಲ್ಲಿ ನಿಮ್ಮ ಸಹಿ ಬೀಳಲಿ. ತೆಗೆದುಕೊಳ್ಳಲಿಲ್ಲ ಅಂದರೆ ಅದೇ ಸಂಜೆ 'ಈ ದಿನ ಹಾಜರಿದ್ದೆ' ಅಂತ ಇಮೇಲೋ ಸ್ಪೀಡ್ ಪೋಸ್ಟೋ ಕಳಿಸಿ.

ರೇಷನ್ ಅಂಗಡಿ ಯಜಮಾನರು ಎರಡನೇ ಸಲ ವಿಚಾರಣೆಗೆ ಹೋದಾಗ ನಾನೂ ಜೊತೆಗಿದ್ದೆ. ಸಹಿ ಪುಸ್ತಕವನ್ನು ಪಂಚೆಯ ತುಂಡಿನಲ್ಲಿ ಸುತ್ತಿ ತಂದಿದ್ದರು. ಹೇಳಿಕೆಯ ಎರಡು ಪ್ರತಿ ಮಾಡಿಸಿದ್ದರು. ಟಪಾಲಿನ ಹುಡುಗ ಒಂದನ್ನು ತೆಗೆದುಕೊಂಡು 'ಹೋಗಿ ಯಜಮಾನ್ರೇ, ಆಯ್ತು' ಅಂದ. ಅವರು ಕದಲಲಿಲ್ಲ. ಇನ್ನೊಂದು ಪ್ರತಿಯನ್ನು ಮೇಜಿನ ಮೇಲಿಟ್ಟು, 'ಇದಕ್ಕೊಂದು ಸೀಲು ಹಾಕಪ್ಪ' ಅಂದರು.